ಊದು

ಊದು ಅಂದರು,
ದಾವಣಗೆರೆಯ ಪಿ.ಬಿ. ರೋಡಿನಲ್ಲಿ, ನಸುಕಿನ ಐದೂಕಾಲಿಗೆ,
ಮಂಡಕ್ಕಿ ಚೀಲ ಹೊತ್ತ ನನ್ನ ಲಗೇಜ್ ಆಟೋ
ಡಿವೈಡರಿಗೆ ಮೂತಿಯಿಟ್ಟು ಮಲಗಿದ್ದಾಗ.
ಊದಿದೆ. ಯಂತ್ರ ಕೀ ಅಂತು.
ಪೇದೆ ಅಂಕಿಯನ್ನು ಎರಡು ಸಲ ಓದಿದ,
ಎಸ್ಸೆಸ್ಸೆಲ್ಸಿ ರಿಸಲ್ಟು ಓದುವ ಹಾಗೆ.

ಆಚೆ ಬದಿ ಹಾಲಮ್ಮ ಕೂತಿದ್ದಳು,
ಪಾಲಿಕೆಯ ಜಾಕೆಟ್ಟು, ಹಿಡಿ ಮುರಿದ ಪೊರಕೆ.
ಬಲಗೈ ಯಾರದೋ ಒತ್ತೆಯಿಟ್ಟ ವಸ್ತುವೆಂಬಂತೆ
ತೊಡೆಯ ಮೇಲಿತ್ತು.
ಅಳಲಿಲ್ಲ. ರಸ್ತೆ ತುಂಬ ಚೆಲ್ಲಿದ್ದ ಮಂಡಕ್ಕಿ ನೋಡಿ
‘ಇದನ್ನೂ ನಾನೇ ಗುಡಿಸಬೇಕಲ್ಲಪ್ಪಾ’ ಅಂದಳು.

ಆರು ತಿಂಗಳು ಜೈಲೋ, ತೊಂಬತ್ತು ದಿನ ಚಿಕಿತ್ಸೆಯೋ,
ಕನ್ನಡಕ ತೆಗೆದು ಕೇಳಿದರು ನ್ಯಾಯಾಧೀಶೆ.
ಲಾಯರು ಮೊಣಕೈಯಿಂದ ತಿವಿದ.
ದಿನ ಕಡಿಮೆ ಇದ್ದುದನ್ನು ಆರಿಸಿದೆ,
ಸಂತೆಯಲ್ಲಿ ಅಗ್ಗದ್ದಕ್ಕೆ ಕೈ ಹೋಗುವ ಹಾಗೆ.

ಹಿಂದೆ ಬಿಟ್ಟಿರಲಿಲ್ಲವೆಂದಲ್ಲ.
ಮಾಲೆ ಹಾಕಿದ ವರ್ಷ ನಲವತ್ತೆಂಟು ದಿನ ಬಿಟ್ಟಿದ್ದೆ;
ಇರುಮುಡಿ ಇಳಿಸಿದ ರಾತ್ರಿಯೇ
ನಲವತ್ತೆಂಟರ ಬಾಕಿಯನ್ನೂ ತೀರಿಸಿದೆ.
ಉಕ್ಕಡಗಾತ್ರಿಯ ಹೊಳೆಯಲ್ಲಿ ಗಿರಿಜಿ
ನನ್ನ ತಲೆಯನ್ನು ಮೂರು ಸಲ ಮುಳುಗಿಸಿದಳು,
ಮೂರು ಸಲವೂ ಮೇಲೆ ಬಂದದ್ದು ನಾನೇ.
ಮಗಳ ನೆತ್ತಿ ಮುಟ್ಟಿ ಎಷ್ಟು ಆಣೆಯೆಂದರೆ
ನಾನು ಕೈಯೆತ್ತಿದರೆ ಸಾಕು,
ಅವಳೇ ತಲೆ ಬಗ್ಗಿಸುತ್ತಿದ್ದಳು.

ಹರಿಹರದ ರಸ್ತೆಯಲ್ಲೊಂದು ಹಳೇ ಹತ್ತಿ ಗೋದಾಮು.
ಹದಿನಾಲ್ಕು ಮಂಚ, ಒಂದು ಕೇರಂ ಬೋರ್ಡು,
ಸ್ಟ್ರೈಕರ್ ಇಲ್ಲ.
ಮೊದಲ ಮೂರು ರಾತ್ರಿ ಸೂರಿನಿಂದ ಹತ್ತಿ ಉದುರಿತು.
ಹತ್ತಿಗೆ ಕಾಲಿದ್ದವು.
ನಾಗವೇಣಿ ಸಿಸ್ಟರು ನನ್ನ ಎರಡೂ ಕೈ ಹಿಡಿದು
‘ನಡುಗಲಿ ಬಿಡಪ್ಪ, ಗಾಡಿ ಆಫ್ ಮಾಡಿದ ಮೇಲೂ
ಎಂಜಿನ್ನು ಸ್ವಲ್ಪ ಹೊತ್ತು ಸುಡಲ್ವಾ’ ಅಂದರು.
ಪಕ್ಕದ ಮಂಚದ ಓಬಳೇಶಿ, ಟಿಪ್ಪರಿನವನು,
ಗೋಡೆಗೆ ಮುಖ ಮಾಡಿ ನಿದ್ದೆಯಲ್ಲೇ ಗೇರು ಬದಲಿಸುತ್ತಿದ್ದ.
ಇಪ್ಪತ್ತನೇ ದಿನ ಕಾಂಪೌಂಡು ಹಾರಿದ.
ಜೈಲಿಗೋ, ಅಂಗಡಿಗೋ, ಯಾರೂ ಹೇಳಲಿಲ್ಲ.
ನಾನು ಹೊರಡುವ ದಿನವೂ
ಅವನ ಚಪ್ಪಲಿ ಮಂಚದ ಕೆಳಗೇ ಇತ್ತು.

ಸೋಮವಾರ ಸೋಮವಾರ ಕೋರ್ಟಿಗೆ. ಊದು.
ಸೊನ್ನೆ.
ಗುಮಾಸ್ತ ಅದನ್ನು ದುಂಡಗೆ ಬರೆದು
ಸಾಲ ಕೊಟ್ಟವನಂತೆ ಸಹಿ ಹಾಕಿಸಿಕೊಳ್ಳುತ್ತಿದ್ದ.

ಐದನೇ ಸೋಮವಾರ ವರಾಂಡದಲ್ಲಿ ಹಾಲಮ್ಮ.
ಪರಿಹಾರದ ಅರ್ಜಿಯಂತೆ. ಮಣಿಕಟ್ಟಿನೊಳಗೆ ಪ್ಲೇಟು, ಆರು ಸ್ಕ್ರೂ.
‘ಮೈ ತುಂಬಿಕೊಂಡೀಯಲ್ಲೋ, ಏನು ಕೊಡ್ತಾರೆ ಅಲ್ಲಿ?’
ಬೆಳಿಗ್ಗೆ ಉಪ್ಪಿಟ್ಟು, ಮಾತ್ರೆ,
ಸಂಜೆ ಸುತ್ತ ಕೂರಿಸಿಕೊಂಡು ಮಾತಾಡಿಸ್ತಾರೆ, ಅಂದೆ.
‘ತಪ್ಪು ನಿಂದು, ಔಷಧಿ ನಿನಗೆ.
ನನಗೆ ಎರಡು ತಿಂಗಳ ಪಗಾರ ಕಟ್ಟು.
ನನ್ನ ಕೂರಿಸಿಕೊಂಡು ಮಾತಾಡಿಸೋ ಕೋರ್ಟು ಯಾವುದು?’
ಬೈಗುಳದ ದನಿ ಇರಲಿಲ್ಲ.
ಜಗಳೂರು ಬಸ್ಸು ಎಷ್ಟೊತ್ತಿಗೆ ಅಂತ ಕೇಳುವ ದನಿ.
ಅವಳ ಚೀಲ ಇಸಿದುಕೊಂಡೆ.
ಮೆಟ್ಟಿಲು ಇಳಿಯುವ ತನಕ ಬಿಟ್ಟಳು,
ಇಳಿದ ಮೇಲೆ ಎಡಗೈಯಲ್ಲಿ ಕಿತ್ತುಕೊಂಡಳು.
ಸಂಜೆಯ ಸುತ್ತಿನಲ್ಲಿ ಇದನ್ನು ಹೇಳಿದೆ.
ಹದಿಮೂರು ಜನರಲ್ಲಿ ಯಾರೂ ಮಾತಾಡಲಿಲ್ಲ.

ಲೈಸೆನ್ಸು ವರ್ಷದ ಮಟ್ಟಿಗೆ ಅವರ ಕಪಾಟಿನಲ್ಲಿ.
ಈಗ ಭಟ್ಟಿಯಲ್ಲೇ ಕೆಲಸ, ನಾನು ಸಾಗಿಸುತ್ತಿದ್ದುದರ ಹುಟ್ಟಿನಲ್ಲಿ.
ಕಾದ ಮರಳಿಗೆ ಬಿದ್ದ ಅಕ್ಕಿ
ರೆಪ್ಪೆ ಮುಚ್ಚುವುದರೊಳಗೆ ಅರಳುತ್ತದೆ.
ಜರಡಿಯ ತಳದಲ್ಲಿ ಕೆಲವು,
ಸುಟ್ಟೂ ಅರಳದವು.
ಸಂಬಳದ ದಿನ ಹಾಲಮ್ಮನ ಕೇರಿಯ ತನಕ ನಡೆದು ಹೋಗುತ್ತೇನೆ.
ಎರಡು ಸಲ ಹಣ ತಗೊಂಡಳು, ಒಂದು ಸಲ ಬಾಗಿಲು ತೆಗೆಯಲಿಲ್ಲ.

ಮನೆಯ ಹೊಸ್ತಿಲಲ್ಲಿ ಮಗಳು ಕಾಯುತ್ತಾಳೆ,
ಮೂರನೇ ಕ್ಲಾಸು, ಮುಂದಿನ ಹಲ್ಲು ಬಿದ್ದಿದೆ.
ಮುಖ ಹತ್ತಿರ ತಂದು, ಕಣ್ಣು ಮುಚ್ಚಿ,
ಊದು ಅನ್ನುತ್ತಾಳೆ.
ಊದುತ್ತೇನೆ.
ಅವಳ ಯಂತ್ರ ಅಂಕಿ ತೋರಿಸುವುದಿಲ್ಲ.
ಒಂದೊಂದು ದಿನ ದಾರಿ ಬಿಡುತ್ತಾಳೆ.
ಒಂದೊಂದು ದಿನ, ಕಣ್ಣು ತೆರೆಯದೆಯೇ,
ಇನ್ನೊಂದು ಸಲ, ಅನ್ನುತ್ತಾಳೆ.